ಕಿಮೋ ಬೆಂಗಳೂರಲ್ಲಿ, ಜ್ವರ ಹಳ್ಳಿಯಲ್ಲಿ

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬೆಂಗಳೂರಿನಿಂದ ಹಿರಿಯೂರು ಕಡೆಗೆ ಹೊರಟ ಬಸ್ಸಿನಲ್ಲಿ ತೊಡೆಯ ಮೇಲೆ ಥರ್ಮಾಕೋಲ್ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಕಿಟಕಿ ಪಕ್ಕ ಚಿಕ್ಕಮ್ಮ. ಅವತ್ತು ಬೆಳಿಗ್ಗೆ ಅವರಿಗೆ ಸ್ತನ ಕ್ಯಾನ್ಸರಿನ ಮೊದಲ ಕಿಮೋ ಆಗಿತ್ತು. ಶಿರಾ ದಾಟುವ ಹೊತ್ತಿಗೆ ಡಬ್ಬಿಯೊಳಗಿನ ಐಸು ಕರಗಿ ನನ್ನ ಪ್ಯಾಂಟು ಒದ್ದೆಯಾಗಿತ್ತು. ಪಕ್ಕದ ಸಾಲಿನ ಅಜ್ಜ ಒಬ್ಬರು ನಕ್ಕು, "ಏನಪ್ಪ, ಮೊಮ್ಮಕ್ಕಳಿಗೆ ಐಸ್ ಕ್ರೀಮಾ?" ಅಂದರು. "ಇಲ್ಲ ತಾತ, ಇಂಜೆಕ್ಷನ್" ಅಂದೆ. ಅವರು ಚಿಕ್ಕಮ್ಮನ ಮುಖ ನೋಡಿ ಮತ್ತೇನೂ ಕೇಳಲಿಲ್ಲ.

ಡಬ್ಬಿಯಲ್ಲಿ ಇದ್ದದ್ದು ಹೆಬ್ಬೆರಳಿಗಿಂತ ಚಿಕ್ಕದಾದ ಐದು ಗಾಜಿನ ಶೀಶೆ. ಕಿಮೋ ಆದ ಮೇಲೆ ಬಿಳಿ ರಕ್ತಕಣ ಹೆಚ್ಚಿಸಲು ಕೊಡುವ ಇಂಜೆಕ್ಷನ್. ಆಸ್ಪತ್ರೆಗಳ ಕಾರಿಡಾರಿನಲ್ಲಿ ರೋಗಿಗಳ ಕಡೆಯವರು ಇದಕ್ಕೆ "ಕೌಂಟ್ ಇಂಜೆಕ್ಷನ್" ಅನ್ನುತ್ತಾರೆ. ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಇತ್ತು. ನಾಳೆಯಿಂದ ದಿನಕ್ಕೊಂದರಂತೆ ಐದು ದಿನ ಚರ್ಮದ ಕೆಳಗೆ ಕೊಡಿಸಬೇಕು. ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಬರಬೇಕು. ಯಾರು ಕೊಡಬೇಕು, ಎಲ್ಲಿ ಇಡಬೇಕು, ಯಾವ ಆಸ್ಪತ್ರೆಗೆ ಬರಬೇಕು, ಇದ್ಯಾವುದೂ ಇರಲಿಲ್ಲ. ನಮ್ಮೂರಿಂದ ಆ ಆಸ್ಪತ್ರೆಗೆ ಐದು ತಾಸಿನ ದಾರಿ.

ಈ ಎರಡು ಸಾಲಿನ ಬಗ್ಗೆಯೇ ಈ ಬರಹ. ಕ್ಯಾನ್ಸರ್ ಚಿಕಿತ್ಸೆ ಅಂದರೆ ಕಿಮೋ ಬಾಟಲಿ, ಆಪರೇಷನ್, ರೇಡಿಯೇಷನ್ ಅಂತ ನಾವು ಲೆಕ್ಕ ಹಾಕುತ್ತೇವೆ. ಸರ್ಕಾರದ ಯೋಜನೆಗಳೂ ಹಾಗೇ ಲೆಕ್ಕ ಹಾಕುತ್ತವೆ. ಆದರೆ ಕಿಮೋ ಹಾಕಿಸಿಕೊಂಡವರ ಜೀವಕ್ಕೆ ಅತಿ ಅಪಾಯದ ದಿನಗಳು ಬರುವುದು ಆಮೇಲೆ, ಏಳನೇ ದಿನದಿಂದ ಹದಿನಾಲ್ಕನೇ ದಿನದ ನಡುವೆ. ಆಗ ಅವರು ಆಸ್ಪತ್ರೆಯಲ್ಲಿ ಇರುವುದಿಲ್ಲ, ಮನೆಯಲ್ಲಿರುತ್ತಾರೆ. ಆ ದಿನಗಳ ಹೊಣೆಯನ್ನು ನಮ್ಮ ವ್ಯವಸ್ಥೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲೇ ಕೈಬಿಟ್ಟಿದೆ. ಅದನ್ನು ತಾಲ್ಲೂಕು ಆಸ್ಪತ್ರೆ ಎತ್ತಿಕೊಳ್ಳಬೇಕು, ಅದು ದೊಡ್ಡ ಖರ್ಚಿನ ಕೆಲಸವೂ ಅಲ್ಲ ಅನ್ನುವುದು ನನ್ನ ವಾದ.

ಮೊದಲು ಈ ಇಂಜೆಕ್ಷನ್ ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ನನಗೂ ಆಗ ಗೊತ್ತಿರಲಿಲ್ಲ.

ನಮ್ಮ ಕಡೆ ಈರುಳ್ಳಿ ಬೆಳೆಯುವವರಿಗೆ ಸಸಿಮಡಿ ಗೊತ್ತು. ಮೂಳೆಯೊಳಗಿನ ಮಜ್ಜೆ ರಕ್ತದ ಸಸಿಮಡಿ ಇದ್ದ ಹಾಗೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲ ಅಲ್ಲೇ ಹುಟ್ಟಿ ಬೆಳೆದು ರಕ್ತಕ್ಕೆ ಬರುತ್ತವೆ. ಕಿಮೋ ಔಷಧಿ ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಕೋಶ ಹಾಗೆ ಬೆಳೆಯುತ್ತದೆ, ಆದ್ದರಿಂದ ಸಾಯುತ್ತದೆ. ಮಜ್ಜೆಯ ಸಸಿಗಳೂ ವೇಗವಾಗಿ ಬೆಳೆಯುತ್ತವೆ, ಅವೂ ಸಾಯುತ್ತವೆ. ಕಳೆನಾಶಕ ಕಳೆಯ ಜೊತೆ ಸಸಿಯನ್ನೂ ಸುಟ್ಟ ಹಾಗೆ. ಅದಕ್ಕೇ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ರಕ್ತಕಣ ಇಳಿಯುತ್ತದೆ.

ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಅಂತ ಒಂದು ಬಗೆ ಇದೆ. ಮೈಯೊಳಗೆ ಬ್ಯಾಕ್ಟೀರಿಯಾ ಹೊಕ್ಕರೆ ಮೊದಲು ಓಡಿಬಂದು ಹಿಡಿಯುವುದು ಇವೇ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಇವು ಸಾಮಾನ್ಯವಾಗಿ 1500ಕ್ಕಿಂತ ಹೆಚ್ಚು ಇರುತ್ತವೆ. ಕಿಮೋ ಆದ ಮೇಲೆ 500ಕ್ಕಿಂತ ಕೆಳಗೆ ಇಳಿದರೆ, ನಮ್ಮದೇ ಬಾಯಿಯಲ್ಲಿ, ಕರುಳಿನಲ್ಲಿ, ಚರ್ಮದ ಮೇಲೆ ಸುಮ್ಮನೆ ಇದ್ದ ಬ್ಯಾಕ್ಟೀರಿಯಾಗಳು ಕೂಡ ರಕ್ತಕ್ಕೆ ಇಳಿದು ಜೀವ ತೆಗೆಯಬಹುದು.

ಮಜ್ಜೆಗೆ "ನ್ಯೂಟ್ರೋಫಿಲ್ ಮಾಡು" ಅಂತ ಹೇಳುವ ಒಂದು ಪ್ರೋಟೀನ್ ನಮ್ಮ ಮೈಯಲ್ಲೇ ಇದೆ. ಅದರ ಹೆಸರು ಜಿ-ಸಿಎಸ್‌ಎಫ್. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಡೊನಾಲ್ಡ್ ಮೆಟ್‌ಕಾಫ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಇಂಥ ಪ್ರೋಟೀನ್‌ಗಳ ಬೆನ್ನು ಹತ್ತಿದ್ದರು. 1983ರಲ್ಲಿ ಇಲಿಯ ಜಿ-ಸಿಎಸ್‌ಎಫ್ ಬೇರ್ಪಟ್ಟಿತು, 1986ರಲ್ಲಿ ಮನುಷ್ಯರ ಜಿ-ಸಿಎಸ್‌ಎಫ್‌ನ ಜೀನ್ ಸಿಕ್ಕಿತು. ಆ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರ ಕೈಲಿ ಈ ಪ್ರೋಟೀನ್ ಮಾಡಿಸುತ್ತಾರೆ. ಹೀಗೆ ತಯಾರಾದ ಔಷಧಿಯೇ ಫಿಲ್‌ಗ್ರಾಸ್ಟಿಮ್. 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ದಿನಾ ಚುಚ್ಚುವ ಬದಲು ಒಂದು ಕಿಮೋಗೆ ಒಂದೇ ಸಲ ಕೊಡುವ ಪೆಗ್‌ಫಿಲ್‌ಗ್ರಾಸ್ಟಿಮ್ 2002ರಲ್ಲಿ ಬಂತು.

ಇಲ್ಲಿ ನಮ್ಮ ರಾಜ್ಯಕ್ಕೆ ಸಂಬಂಧಪಟ್ಟ ಒಂದು ವಿಷಯ ಇದೆ. ಅಮೆರಿಕದಲ್ಲಿ ಪೆಗ್‌ಫಿಲ್‌ಗ್ರಾಸ್ಟಿಮ್‌ಗೆ ಮೊದಲ ಬಯೋಸಿಮಿಲರ್, ಅಂದರೆ ಮೂಲ ಔಷಧಿಗೆ ಸಮನಾದ ಅಗ್ಗದ ರೂಪ, ಅಂತ 2018ರ ಜೂನ್‌ನಲ್ಲಿ ಒಪ್ಪಿಗೆ ಪಡೆದದ್ದು ಬೆಂಗಳೂರಿನ ಬಯೋಕಾನ್ ಕಂಪನಿ ಮೈಲಾನ್ ಜೊತೆ ಸೇರಿ ತಯಾರಿಸಿದ ಔಷಧಿ. ಅಷ್ಟು ದೂರದ ದೇಶಕ್ಕೆ ತಂಪು ಕೆಡದಂತೆ ಔಷಧಿ ಕಳಿಸುವುದು ನಮ್ಮ ರಾಜ್ಯದವರಿಗೆ ಗೊತ್ತಿದೆ. ಚಿತ್ರದುರ್ಗ ಜಿಲ್ಲೆಯ ಹಳ್ಳಿಗೆ ಮಾತ್ರ ಅದು ಥರ್ಮಾಕೋಲ್ ಡಬ್ಬಿಯಲ್ಲಿ, ನನ್ನ ತೊಡೆಯ ಮೇಲೆ ಹೋಗಬೇಕು.

ತಂಪು ಯಾಕೆ ಅಷ್ಟು ಮುಖ್ಯ ಅಂದರೆ ಇದು ಪ್ರೋಟೀನ್. ಬಿಸಿ ತಾಗಿದರೆ ಮೊಟ್ಟೆಯ ಬಿಳಿ ಹೇಗೆ ಬದಲಾಗುತ್ತದೋ ಹಾಗೆ ಇದೂ ಕೆಡಬಹುದು. 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಹೆಪ್ಪುಗಟ್ಟಲೂಬಾರದು, ಜೋರಾಗಿ ಕುಲುಕಲೂಬಾರದು.

ನಮಗೆ ಇದನ್ನು ಯಾರೂ ಹೇಳಲಿಲ್ಲ. "ಫ್ರಿಜ್ಜಲ್ಲಿಡಿ" ಅಂತ ಮೆಡಿಕಲ್ ಸ್ಟೋರಿನ ಹುಡುಗ ಹೇಳಿದ, ಅಷ್ಟೇ. ಚಿಕ್ಕಮ್ಮನ ಮನೆಯಲ್ಲಿ ಫ್ರಿಜ್ ಇಲ್ಲ. ಅವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಶೀಶೆಯನ್ನು ನೀರು ತುಂಬಿದ ಮಣ್ಣಿನ ಗಡಿಗೆಯ ತಂಪಿನಲ್ಲಿ ಇಡುತ್ತಾರೆ. ಬಳಸುತ್ತಿರುವ ಇನ್ಸುಲಿನ್‌ಗೆ ಅದು ನಡೆಯುತ್ತದೆ, ಈ ಇಂಜೆಕ್ಷನ್‌ಗೆ ನಡೆಯುವುದಿಲ್ಲ. ಹಾಗಾಗಿ ಎದುರು ಮನೆಯವರ ಫ್ರಿಜ್ಜಿಗೆ ಕೊಟ್ಟೆವು. ಆ ಮನೆಯ ಯಜಮಾನಿ ಒಳ್ಳೆಯ ಮನಸ್ಸಿನವರು. ಕರೆಂಟು ಹೋಗಿ ಬಂದು ಮಾಡುತ್ತದಲ್ಲ, ಚೆನ್ನಾಗಿ ತಣ್ಣಗಿರಲಿ ಅಂತ ಒಂದು ಶೀಶೆಯನ್ನು ಮೇಲಿನ ಐಸ್ ಖಾನೆಯಲ್ಲಿ ಇಟ್ಟರು. ಬೆಳಿಗ್ಗೆ ಅದು ಕಲ್ಲಾಗಿತ್ತು. ಫೋನ್ ಮಾಡಿ ಕೇಳಿದಾಗ ಆಸ್ಪತ್ರೆಯಿಂದ "ಬಿಸಾಕಿ" ಅಂದರು. ಚಿಕ್ಕಪ್ಪ ಅದನ್ನು ಬಿಸಾಕಲಾರದೆ ಅಂಗೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದರು. ಅದು ಎಷ್ಟು ದಿನದ ಕೂಲಿ ಅಂತ ಅವರಿಗೆ ಗೊತ್ತಿತ್ತು.

ಎರಡನೆಯ ಪ್ರಶ್ನೆ, ಚುಚ್ಚುವವರು ಯಾರು? ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಶೀಶೆಯನ್ನು ತಿರುಗಿಸಿ ನೋಡಿ, "ಇದು ನಮ್ಮ ಸಪ್ಲೈ ಅಲ್ಲ ಅಣ್ಣ. ಡಾಕ್ಟ್ರು ಟ್ರೈನಿಂಗಿಗೆ ಹೋಗಿದ್ದಾರೆ. ಹೆಚ್ಚುಕಮ್ಮಿ ಆದ್ರೆ ನನ್ನ ತಲೆ ಮೇಲೆ ಬರುತ್ತೆ" ಅಂದರು. ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಯಾರೂ ಹೇಳಿಕೊಡದ ಔಷಧಿ, ಯಾರೂ ಬರೆದುಕೊಡದ ಹೊಣೆ. ಪಕ್ಕದ ಊರಿನ ಖಾಸಗಿ ಕ್ಲಿನಿಕ್‌ನವರು ಇನ್ನೂ ನೇರವಾಗಿ ಮಾತಾಡಿದರು. "ಕ್ಯಾನ್ಸರ್ ಪೇಷೆಂಟ್ ಅಲ್ವಾ, ಅಲ್ಲೇ ಹೋಗಿ." ಕೊನೆಗೆ ನಿವೃತ್ತ ನರ್ಸಮ್ಮ ಒಬ್ಬರು ಮನೆಗೆ ಬಂದು ಚುಚ್ಚಿಕೊಟ್ಟರು. ಆ ಊರಿನಲ್ಲಿ ಅವರು ಇಲ್ಲದಿದ್ದರೆ?

ಮೂರನೆಯ ಇಂಜೆಕ್ಷನ್ ಆದ ರಾತ್ರಿ ಚಿಕ್ಕಮ್ಮ ಸೊಂಟ, ಬೆನ್ನು, ಎದೆಮೂಳೆ ನೋವು ಅಂತ ಒದ್ದಾಡಿದರು. ನಡುರಾತ್ರಿ ನನ್ನ ಕೈ ಹಿಡಿದು, "ಮಗಾ, ಮೂಳೆಗೆ ಹತ್ತಿಬಿಡ್ತು ಕಣೋ. ಇನ್ನು ಸುಮ್ನೆ ದುಡ್ಡು ಹಾಕಬೇಡಿ" ಅಂದರು. ಮನೆಯವರೆಲ್ಲ ಅತ್ತೆವು. ಬೆಳಿಗ್ಗೆ ಫೋನಿನಲ್ಲಿ ಗೊತ್ತಾಯಿತು, ಅದು ಈ ಇಂಜೆಕ್ಷನ್ನಿನ ಅತಿ ಸಾಮಾನ್ಯ ಅಡ್ಡ ಪರಿಣಾಮ. ಮಜ್ಜೆ ಜೋರಾಗಿ ಕೆಲಸಕ್ಕೆ ಇಳಿದಾಗ ಮೂಳೆ ನೋಯುತ್ತದೆ, ಕೆಲವು ದಿನಕ್ಕೆ ಹೋಗುತ್ತದೆ. "ಮೂಳೆ ನೋವು ಬರಬಹುದು, ಹೆದರಬೇಡಿ" ಅಂತ ಕನ್ನಡದಲ್ಲಿ ಒಂದು ಸಾಲು ಬರೆದು ಕೊಟ್ಟಿದ್ದರೆ ಒಂದು ಕುಟುಂಬ ಒಂದು ರಾತ್ರಿ ಸಾವಿನ ಮನೆಯಾಗುವುದು ತಪ್ಪುತ್ತಿತ್ತು.

ಹಾಗಂತ ಎಲ್ಲ ನೋವನ್ನೂ ಕಡೆಗಣಿಸಬಾರದು. ಎಡಪಕ್ಕೆಯ ಕೆಳಗೆ, ಹೊಟ್ಟೆಯ ಮೇಲುಭಾಗದಲ್ಲಿ ಅಥವಾ ಎಡಭುಜದಲ್ಲಿ ಜೋರು ನೋವು ಬಂದರೆ ಗುಲ್ಮಕ್ಕೆ ಪೆಟ್ಟಾಗಿರಬಹುದು. ಅದು ಅಪರೂಪ, ಆದರೆ ತಕ್ಷಣ ವೈದ್ಯರಿಗೆ ತೋರಿಸಬೇಕು. ಮೂಳೆ ನೋವಿಗೆ ಪ್ಯಾರಾಸಿಟಮಾಲ್ ನುಂಗುವ ಮುಂಚೆ ಥರ್ಮಾಮೀಟರ್ ಇಟ್ಟು ನೋಡಲೇಬೇಕು. ಯಾಕೆಂದರೆ ಆ ಮಾತ್ರೆ ಜ್ವರವನ್ನು ಮುಚ್ಚಿಹಾಕುತ್ತದೆ, ಸೋಂಕನ್ನು ತೆಗೆಯುವುದಿಲ್ಲ.

ಇಷ್ಟೆಲ್ಲಾ ಆಗಿ ಒಂಬತ್ತನೇ ದಿನ ರಾತ್ರಿ ಚಿಕ್ಕಮ್ಮನಿಗೆ ಜ್ವರ ಬಂತು. ಇಂಜೆಕ್ಷನ್ ಅಪಾಯವನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಮೇಲಾಗಿ ನಮ್ಮದು ಐದರಲ್ಲಿ ನಾಲ್ಕೇ ಆಗಿತ್ತು. ನೆಗಡಿ ಇಲ್ಲ, ಕೆಮ್ಮಿಲ್ಲ, ಸುಮ್ಮನೆ ಚಳಿ, ಮೈ ಬಿಸಿ. ಹಳ್ಳಿಯಲ್ಲಿ ಇಂಥ ಜ್ವರಕ್ಕೆ ಯಾರು ರಾತ್ರಿ ಹೊತ್ತು ಓಡುತ್ತಾರೆ? "ಬೆಳಿಗ್ಗೆ ನೋಡೋಣ, ಒಂದು ಮಾತ್ರೆ ಕೊಡಿ" ಅಂತ ಎಲ್ಲರೂ ಅಂದರು. ಆ ಚೀಟಿಯ ಕೊನೆಯ ಸಾಲು ಓದಲು ಬರುತ್ತಿದ್ದವನು ಮನೆಯಲ್ಲಿ ನಾನೊಬ್ಬನೇ. 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಅಲ್ಲಿ ರಾತ್ರಿ ಪಾಳಿಯಲ್ಲಿದ್ದ ಯುವ ವೈದ್ಯೆ "ಕಿಮೋ ಆಗಿ ಎಷ್ಟು ದಿನ ಆಯ್ತು?" ಅಂತ ಮೊದಲು ಕೇಳಿದರು. ಒಂಬತ್ತು ಅಂದ ತಕ್ಷಣ ರಕ್ತ ತೆಗೆದು, ರಿಪೋರ್ಟಿಗೆ ಕಾಯದೆ ಆ್ಯಂಟಿಬಯೋಟಿಕ್ ಹಾಕಿ, ಜಿಲ್ಲಾಸ್ಪತ್ರೆಗೆ ಕಳಿಸಿದರು. ಚಿಕ್ಕಮ್ಮ ಉಳಿದರು. ಆ ವೈದ್ಯೆಗೆ ಅದನ್ನು ಓದಿದ ನೆನಪಿತ್ತು, ಅದು ನಮ್ಮ ಪುಣ್ಯ. ಪುಣ್ಯದ ಮೇಲೆ ಆರೋಗ್ಯ ವ್ಯವಸ್ಥೆ ನಡೆಯಬಾರದು.

ಎಲ್ಲರಿಗೂ ಆ ಪುಣ್ಯ ಸಿಗುವುದಿಲ್ಲ. ಮೂರು ವರ್ಷದ ಹಿಂದೆ ಪಕ್ಕದ ಊರಿನ ಒಬ್ಬ ರೈತ ಎರಡನೇ ಕಿಮೋ ಮುಗಿಸಿ ಬಂದು, ಹತ್ತು ದಿನಕ್ಕೆ ಜ್ವರದಲ್ಲಿ ತೀರಿಕೊಂಡರು. ಎರಡು ರಾತ್ರಿ ಮನೆಯಲ್ಲೇ ಮಾತ್ರೆ ಕೊಟ್ಟಿದ್ದರಂತೆ. ಊರಿನವರು ಹೇಳಿದ್ದು, "ಕಿಮೋ ಕೊಟ್ಟು ಕೊಂದರು." ಚಿಕ್ಕಮ್ಮನಿಗೆ ಕಾಯಿಲೆ ಗೊತ್ತಾದಾಗ ಅವರ ಅಕ್ಕಪಕ್ಕದವರು ಇದೇ ಮಾತನ್ನು ಎತ್ತಿ, "ಬೇಡ ಕಣಮ್ಮ, ಎಲ್ಲಾದ್ರೂ ನಾಟಿ ಔಷಧಿ ಕೊಡಿಸಿ" ಅಂದರು. ಒಂದು ಜ್ವರವನ್ನು ಸಮಯಕ್ಕೆ ನೋಡದಿದ್ದರೆ ಹೋಗುವುದು ಒಂದು ಜೀವ ಮಾತ್ರ ಅಲ್ಲ. ಆ ಊರಿನ ಮುಂದಿನ ಹತ್ತು ಜನ ಚಿಕಿತ್ಸೆಯ ಮೇಲಿಟ್ಟ ನಂಬಿಕೆಯೂ ಹೋಗುತ್ತದೆ.

ಕಿಮೋ ಆದವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ ತುರ್ತು ಪರಿಸ್ಥಿತಿ, ಎದೆನೋವಿನಷ್ಟೇ ತುರ್ತು. ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರುವಾಗಬೇಕು ಅನ್ನುವುದು ತಜ್ಞರ ಮಾರ್ಗಸೂಚಿ. ಐದು ತಾಸು ದೂರದ ಆಸ್ಪತ್ರೆಗೆ "ತಕ್ಷಣ ಬನ್ನಿ" ಅಂತ ಬರೆದುಕೊಟ್ಟರೆ ಆ ಒಂದು ಗಂಟೆಗೆ ಏನರ್ಥ?

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದನ್ನು ಹೇಳುತ್ತೇನೆ. ಇದರಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ.

ಮೊದಲನೆಯದು ಫ್ರಿಜ್. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡಲು ಐಎಲ್‌ಆರ್ ಅನ್ನುವ ಫ್ರಿಜ್ ಇರುತ್ತದೆ. ಅದರ ಉಷ್ಣಾಂಶವೂ 2ರಿಂದ 8 ಡಿಗ್ರಿಯೇ. ಆದರೆ ಅದರಲ್ಲಿ ಮಕ್ಕಳ ಲಸಿಕೆ ಬಿಟ್ಟು ಬೇರೆ ಔಷಧಿ ಇಡಬಾರದು ಅಂತ ನಿಯಮ. ಆ ನಿಯಮ ಸರಿಯಾಗಿಯೇ ಇದೆ, ಅದನ್ನು ಮುರಿಯಿರಿ ಅಂತ ನಾನು ಹೇಳುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಔಷಧಾಲಯದಲ್ಲಿ ಇನ್ಸುಲಿನ್, ಹೆರಿಗೆಗೆ ಬೇಕಾದ ಆಕ್ಸಿಟೋಸಿನ್, ನಾಯಿ ಕಚ್ಚಿದವರಿಗೆ ಕೊಡುವ ಲಸಿಕೆ, ಎಲ್ಲವನ್ನೂ ಇದೇ ತಂಪಿನಲ್ಲಿ ಇಡುತ್ತಾರೆ. ಅದೇ ಫ್ರಿಜ್ಜಿನಲ್ಲಿ ಒಂದು ಖಾನೆ ಈ ಇಂಜೆಕ್ಷನ್ನಿಗೆ ಬಿಟ್ಟರೆ ಸಾಕು. ಫಿಲ್‌ಗ್ರಾಸ್ಟಿಮ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ 2015ರಲ್ಲೇ ಸೇರಿದೆ. ಜಿ-ಸಿಎಸ್‌ಎಫ್ ನಮ್ಮ ದೇಶದ ಅಗತ್ಯ ಔಷಧ ಪಟ್ಟಿಯಲ್ಲೂ ಇದೆ. ಅಗತ್ಯ ಅಂತ ಬರೆದ ಮೇಲೆ ಅದು ಅಗತ್ಯ ಇರುವವರ ಹತ್ತಿರ ಇರಬೇಕು.

ಎರಡನೆಯದು ಕಲಿಸುವುದು. ಚಿಕ್ಕಮ್ಮ ಆರು ವರ್ಷದಿಂದ ದಿನಾ ಬೆಳಿಗ್ಗೆ ತಮ್ಮ ಹೊಟ್ಟೆಗೆ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಈ ಇಂಜೆಕ್ಷನ್ನೂ ಅದೇ ರೀತಿ ಚರ್ಮದ ಕೆಳಗೆ ಹೋಗುವಂಥದ್ದು. ಮೊದಲ ಸಲ ಅವರನ್ನು ಕರೆದುಕೊಂಡು ಊರೂರು ಸುತ್ತಿದ ನಮಗಾಗಲೀ, ಚೀಟಿ ಬರೆದವರಿಗಾಗಲೀ ಇದು ಹೊಳೆಯಲೇ ಇಲ್ಲ. ಎರಡನೇ ಕಿಮೋಗೆ ಹೋದಾಗ ಅಲ್ಲಿನ ನರ್ಸ್ ಒಬ್ಬರು ಗಮನಿಸಿ, ಕಾಲು ಗಂಟೆ ಕೂತು ಔಷಧಿ ಎಳೆಯುವುದು, ಅಳತೆ ನೋಡುವುದು, ಚುಚ್ಚುವುದು ಎಲ್ಲ ಹೇಳಿಕೊಟ್ಟರು. ಅಂದಿನಿಂದ ಚಿಕ್ಕಮ್ಮನಿಗೆ ಯಾರ ಕಾಲೂ ಹಿಡಿಯಬೇಕಾಗಲಿಲ್ಲ. ಇಂಗ್ಲೆಂಡಿನಂಥ ಕಡೆ ಬಹಳಷ್ಟು ರೋಗಿಗಳು ಮನೆಯಲ್ಲೇ ಹೀಗೆ ತಾವೇ ಚುಚ್ಚಿಕೊಳ್ಳುತ್ತಾರೆ, ಆಗದವರಿಗೆ ನರ್ಸ್ ಮನೆಗೆ ಬರುತ್ತಾರೆ. ನಮ್ಮಲ್ಲಿ ಓದು ಬರದ ಹೆಂಗಸಿಗೆ ಇದು ಆಗದು ಅಂತ ಅಂದುಕೊಳ್ಳುವವರು ಚಿಕ್ಕಮ್ಮನನ್ನು ಒಮ್ಮೆ ನೋಡಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಒಂದು ಕಾರ್ಡ್. ಬಸುರಿಯ ಕೈಲಿ ತಾಯಿ ಕಾರ್ಡ್ ಇರುತ್ತದೆ. ಅದನ್ನು ತೋರಿಸಿದರೆ ರಾಜ್ಯದ ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ಇವರಿಗೆ ಎಷ್ಟು ತಿಂಗಳು, ಏನು ತೊಂದರೆ ಅಂತ ಗೊತ್ತಾಗುತ್ತದೆ. ಆಶಾ ಕಾರ್ಯಕರ್ತೆಗೆ ಊರಿನ ಎಲ್ಲ ಬಸುರಿಯರ ಲೆಕ್ಕ ಬಾಯಲ್ಲೇ ಇರುತ್ತದೆ. ಅದೇ ಊರಿನಲ್ಲಿ ಯಾರಿಗೆ ಕಿಮೋ ನಡೆಯುತ್ತಿದೆ ಅನ್ನುವುದು ಆರೋಗ್ಯ ಇಲಾಖೆಯ ಯಾರಿಗೂ ಗೊತ್ತಿರುವುದಿಲ್ಲ. ಕಿಮೋ ಪಡೆಯುವ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಒಂದು ಕಾರ್ಡ್ ಕೊಡಲಿ. ಕಿಮೋ ಆದ ದಿನಾಂಕ, ಔಷಧಿಯ ಹೆಸರು, ಇಂಜೆಕ್ಷನ್ ಯಾವ ದಿನದಿಂದ ಎಷ್ಟು ದಿನ, ಕಿಮೋ ಕೊಟ್ಟ ವಿಭಾಗದ ಫೋನ್ ನಂಬರು. ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ: ಇವರಿಗೆ ಜ್ವರ ಬಂದರೆ ಬೆಳಗಾಗುವ ತನಕ ಕಾಯಬೇಡಿ. ವೈದ್ಯರೇ, ಮೊದಲು ರಕ್ತ ಪರೀಕ್ಷೆಗೆ ತೆಗೆದು, ರಿಪೋರ್ಟಿಗೆ ಕಾಯದೆ ಆ್ಯಂಟಿಬಯೋಟಿಕ್ ಹಾಕಿ. ಇಷ್ಟಿದ್ದರೆ ಓದಲು ಬರುವ ಅಣ್ಣನ ಮಗ ಊರಲ್ಲಿ ಇರಲೇಬೇಕು ಅಂತಿಲ್ಲ.

ಇದಕ್ಕೆ ಬರುವ ಎದುರು ಮಾತುಗಳೂ ನನಗೆ ಗೊತ್ತು.

"ಎಲ್ಲರಿಗೂ ಈ ಇಂಜೆಕ್ಷನ್ ಬೇಕಾಗಿಲ್ಲ" ಅನ್ನುತ್ತಾರೆ ಕೆಲವು ವೈದ್ಯರು. ನಿಜ. ಕಿಮೋ ಔಷಧಿಯಿಂದ ಬಿಳಿ ಕಣ ಇಳಿದು ಜ್ವರ ಬರುವ ಸಾಧ್ಯತೆ ನೂರಕ್ಕೆ 20ಕ್ಕಿಂತ ಹೆಚ್ಚಿದ್ದರೆ ಮುಂಚೆಯೇ ಕೊಡಬೇಕು, 10ರಿಂದ 20ರ ನಡುವೆ ಇದ್ದರೆ ವಯಸ್ಸು, ಇತರ ಕಾಯಿಲೆ ನೋಡಿ ತೀರ್ಮಾನಿಸಬೇಕು, 10ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಬೇಡ ಅನ್ನುವುದು ತಜ್ಞರ ಮಾರ್ಗಸೂಚಿ. ಕೌಂಟ್ ಅನ್ನುವ ಸಂಖ್ಯೆಗೇ ಹೆದರಿ, "ಡಾಕ್ಟ್ರೇ ಒಂದು ಇಂಜೆಕ್ಷನ್ ಹಾಕಿಬಿಡಿ" ಅಂತ ದುಂಬಾಲು ಬೀಳುವ ಕುಟುಂಬಗಳನ್ನೂ ನೋಡಿದ್ದೇನೆ. ಇದು ಟಾನಿಕ್ ಅಲ್ಲ. ಕೆಂಪು ಕಣವನ್ನು, ಪ್ಲೇಟ್‌ಲೆಟ್ಟನ್ನು ಇದು ಏರಿಸುವುದಿಲ್ಲ. ಕಿಮೋ ಆದ 24 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಆಗಬಹುದು. ಕಳೆನಾಶಕ ಹೊಡೆದ ದಿನವೇ ಗೊಬ್ಬರ ಹಾಕಿ ಸಸಿ ಚಿಗುರಿಸಿದರೆ ಆ ಚಿಗುರೂ ಸುಡುತ್ತದಲ್ಲ, ಹಾಗೆ. ಯಾರಿಗೆ ಬೇಕು ಅನ್ನುವುದನ್ನು ಕ್ಯಾನ್ಸರ್ ವೈದ್ಯರೇ ಹೇಳಲಿ. ಬೇಕು ಅಂತ ಬರೆದವರಿಗೆ ಅದು ಕೆಡದೆ, ಸಮಯಕ್ಕೆ ಸಿಗಲಿ ಅನ್ನುವುದಷ್ಟೇ ನನ್ನ ಮಾತು. ಇಂಜೆಕ್ಷನ್ ಬೇಡದವರಿಗೂ ಜ್ವರದ ಕಾರ್ಡ್ ಬೇಕೇ ಬೇಕು.

"ಒಂದೇ ಸಲದ ಪೆಗ್‌ಫಿಲ್‌ಗ್ರಾಸ್ಟಿಮ್ ಕೊಟ್ಟುಬಿಟ್ಟರೆ ಮುಗೀತಲ್ಲ" ಅನ್ನುವವರೂ ಇದ್ದಾರೆ. ಐದು ದಿನದ ಓಡಾಟ ತಪ್ಪುತ್ತದೆ, ಅದು ದೊಡ್ಡ ಅನುಕೂಲವೇ. ಆದರೆ ಅದನ್ನೂ ಕಿಮೋ ಆಗಿ 24 ಗಂಟೆ ಕಳೆದ ಮೇಲೆಯೇ ಕೊಡಬೇಕು. ಮರುದಿನದ ತನಕ ಬೆಂಗಳೂರಿನ ಲಾಡ್ಜಿನಲ್ಲೋ ಧರ್ಮಛತ್ರದಲ್ಲೋ ಉಳಿಯಬೇಕು, ಇಲ್ಲವೇ ಅದೇ ಥರ್ಮಾಕೋಲ್ ಡಬ್ಬಿ ಹಿಡಿದು ಬಸ್ ಹತ್ತಬೇಕು. ಅಮೆರಿಕದಲ್ಲಿ ಹೊಟ್ಟೆಯ ಮೇಲೆ ಅಂಟಿಸಿ ಕಳಿಸಿದರೆ ಮರುದಿನ ತಾನೇ ಔಷಧಿ ಬಿಡುವ ಪುಟ್ಟ ಯಂತ್ರ 2014ರಲ್ಲೇ ಬಂದಿದೆ. ಊರು ದೂರ ಅನ್ನುವ ಕಷ್ಟ ಅಲ್ಲಿಯ ಕಂಪನಿಗೆ ಹೊಳೆದಿದೆ, ನಮ್ಮ ಇಲಾಖೆಗೆ ಇನ್ನೂ ಹೊಳೆಯಬೇಕು.

"ಈಗ ಜಿಲ್ಲೆಯಲ್ಲೇ ಕಿಮೋ ಬಂತಲ್ಲ" ಅನ್ನುವುದು ಮೂರನೆಯ ಮಾತು. ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದರು. ನಮ್ಮ ರಾಜ್ಯವೂ ಅದೇ ವರ್ಷ ಜಿಲ್ಲಾಸ್ಪತ್ರೆಗಳಲ್ಲಿ ಕಿಮೋ ಕೇಂದ್ರಗಳನ್ನು ಶುರು ಮಾಡಿತು. ಕಿಮೋ ಹಾಕಿಸಿಕೊಳ್ಳಲು ಕಿದ್ವಾಯಿ ತನಕ ಹೋಗಿ ಪಾಳಿ ಕಾಯುತ್ತಿದ್ದವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ, ಮನಸಾರೆ ಸ್ವಾಗತಿಸುತ್ತೇನೆ. ಆದರೆ ಡೇ ಕೇರ್ ಅಂದರೆ ಹಗಲು ಬಂದು ಸಂಜೆ ಮನೆಗೆ ಹೋಗುವುದು. ಕೇಂದ್ರ ಹೆಚ್ಚಾದಷ್ಟೂ ಕಿಮೋ ಹಾಕಿಸಿಕೊಂಡು ಹಳ್ಳಿಗೆ ಮರಳುವವರು ಹೆಚ್ಚಾಗುತ್ತಾರೆ, ಹಳ್ಳಿಯಲ್ಲಿ ರಾತ್ರಿ ಜ್ವರ ಬರುವವರೂ ಹೆಚ್ಚಾಗುತ್ತಾರೆ. ಕಿಮೋ ಜಿಲ್ಲೆಗೆ ಇಳಿದ ಹಾಗೆ ಜ್ವರದ ಚಿಕಿತ್ಸೆ ತಾಲ್ಲೂಕಿಗೆ ಇಳಿಯಲೇಬೇಕು. ಈ ವ್ಯವಸ್ಥೆಗೆ ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ.

ಇನ್ನು ದುಡ್ಡಿನ ಮಾತು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಚಿಕ್ಕಮ್ಮನ ಕಿಮೋ ಅದರಲ್ಲೇ ಆಯಿತು, ಅದಿಲ್ಲದಿದ್ದರೆ ಆಗುತ್ತಿರಲಿಲ್ಲ. ಆದರೆ ಆ ಐದು ಶೀಶೆಯನ್ನು ನಾವು ಹೊರಗಿನ ಅಂಗಡಿಯಿಂದ ಕೈಯಿಂದ ದುಡ್ಡು ಕೊಟ್ಟು ತಂದೆವು. ಒಂದು ಅಂಗಡಿಯಲ್ಲಿ ಹೇಳಿದ ಬೆಲೆಗೂ ರಸ್ತೆ ದಾಟಿದರೆ ಸಿಕ್ಕ ಅಂಗಡಿಯ ಬೆಲೆಗೂ ಅರ್ಧಕ್ಕರ್ಧ ವ್ಯತ್ಯಾಸ. ಔಷಧಿ ಒಂದೇ, ಕಂಪನಿಯ ಹೆಸರು ಬೇರೆ. ಗಾಬರಿಯಲ್ಲಿರುವ ಮನೆಯವರು ಮೊದಲು ಸಿಕ್ಕ ಅಂಗಡಿಯಲ್ಲೇ ಕೊಳ್ಳುತ್ತಾರೆ. ಕಿಮೋ ಕೊಟ್ಟ ದಿನವೇ ಈ ಶೀಶೆಗಳನ್ನು ಯೋಜನೆಯ ಲೆಕ್ಕದಲ್ಲೇ ಸೇರಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ಪಡೆಯುವಂತೆ ಚೀಟಿ ಕೊಟ್ಟರೆ ದುಡ್ಡಿನ ಸಮಸ್ಯೆ, ತಂಪಿನ ಸಮಸ್ಯೆ ಎರಡೂ ಒಟ್ಟಿಗೆ ತೀರುತ್ತವೆ.

ಕೊನೆಯದಾಗಿ ನಮ್ಮ ಬಳಗಕ್ಕೇ ಒಂದು ಮಾತು. ನಾವೆಲ್ಲ ಗ್ರಾಮೀಣ ಪತ್ರಿಕೋದ್ಯಮ ಓದಿದವರು. ತಾಲ್ಲೂಕಿನಲ್ಲಿ ಕ್ಯಾನ್ಸರ್ ತಪಾಸಣಾ ಶಿಬಿರ ನಡೆದರೆ ದೀಪ ಬೆಳಗುವ ಫೋಟೋ ಹಾಕಿ ಸುದ್ದಿ ಮಾಡುತ್ತೇವೆ. ನಾನೇ ಮಾಡಿದ್ದೇನೆ. ಆ ಶಿಬಿರದಲ್ಲಿ ಪತ್ತೆಯಾದವರು ಆಮೇಲೆ ಎಲ್ಲಿ ಹೋದರು, ಕಿಮೋ ಆದ ಮೇಲೆ ಅವರ ಮನೆಯಲ್ಲಿ ಒಂಬತ್ತನೇ ರಾತ್ರಿ ಏನಾಯಿತು ಅಂತ ನಾನು ಒಮ್ಮೆಯೂ ಹೋಗಿ ಕೇಳಿರಲಿಲ್ಲ. ಪಕ್ಕದ ಊರಿನ ಆ ರೈತ ತೀರಿಕೊಂಡಾಗ ನಾನು ಅದೇ ತಾಲ್ಲೂಕಿನ ವರದಿಗಾರ. ಅದು ಸುದ್ದಿ ಅಂತ ನನಗೆ ಅನಿಸಲೇ ಇಲ್ಲ.

ಹಾಗಾಗಿ ಒಂದು ಕೆಲಸ ಮಾಡೋಣ. ನಿಮ್ಮ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೂರು ಪ್ರಶ್ನೆ ಕೇಳಿ ಬನ್ನಿ. ನಿಮ್ಮಲ್ಲಿ ಬಿಳಿ ರಕ್ತಕಣದ ಇಂಜೆಕ್ಷನ್ ಇದೆಯಾ? ಹೊರಗಿಂದ ತಂದರೆ ಚುಚ್ಚುತ್ತೀರಾ? ಕಿಮೋ ಆದವರು ರಾತ್ರಿ ಹನ್ನೆರಡಕ್ಕೆ ಜ್ವರ ಅಂತ ಬಂದರೆ ಏನು ಮಾಡುತ್ತೀರಿ? ಉತ್ತರ ಏನೇ ಇರಲಿ, ಇಲ್ಲಿ ಬರೆಯಿರಿ. ಹತ್ತು ತಾಲ್ಲೂಕಿನ ಉತ್ತರ ಸೇರಿದರೆ ಅದನ್ನು ಹಿಡಿದು ಜಿಲ್ಲಾ ಆರೋಗ್ಯಾಧಿಕಾರಿಗಳ ಮುಂದೆ ಕೂರಬಹುದು.

ಚಿಕ್ಕಮ್ಮನಿಗೆ ಕಿಮೋ ಎಲ್ಲ ಮುಗಿದಿದೆ. ಕೂದಲು ಮತ್ತೆ ಬರುತ್ತಿದೆ. ಮೊನ್ನೆ ಹೋದಾಗ ಎದುರು ಬೀದಿಯ ಒಬ್ಬ ಹೆಣ್ಣುಮಗಳು ಅವರ ಹತ್ತಿರ ಕೂತಿದ್ದಳು. ಅವಳ ಗಂಡನಿಗೆ ಮುಂದಿನ ವಾರ ಮೊದಲ ಕಿಮೋ. ಚಿಕ್ಕಮ್ಮ ಅವಳಿಗೆ ಹೇಳುತ್ತಿದ್ದರು, "ಫ್ರಿಜ್ಜಿನ ಬಾಗಿಲಲ್ಲೂ ಬೇಡ, ಮೇಲೆ ಐಸಲ್ಲೂ ಬೇಡ, ನಡುವಿನ ಖಾನೆಯಲ್ಲಿಡು. ಮೂಳೆ ನೋಯುತ್ತೆ, ಹೆದರ್ಬೇಡ. ಜ್ವರ ಬಂದ್ರೆ ಮಾತ್ರ ಬೆಳಗಾಗ್ಲಿ ಅಂತ ಕಾಯಬೇಡ ಕಣಮ್ಮ." ಆಸ್ಪತ್ರೆ ಹೇಳಬೇಕಾದದ್ದನ್ನು ಅಷ್ಟನ್ನೂ ಅವರು ಜಗಲಿ ಮೇಲೆ ಕೂತು ಹೇಳಿಬಿಟ್ಟರು.